ಮಾಮನ ಲೈಸೆನ್ಸು, ಮತ್ತಿಗಿರಿ ಸಂಬಂಧ

ಹೊಸೂರು ಬಸ್ ಸ್ಟ್ಯಾಂಡಿನ ಹಿಂದುಗಡೆ ಬಾಡಿಗೆ ಕಾರುಗಳು ನಿಲ್ಲುವ ಜಾಗ ಇದೆಯಲ್ಲ, ಅಲ್ಲಿ ಒಂದು ವಾರ ಏನೂ ಎಡವಟ್ಟಾಗದೆ ಕಳೆದರೆ ಡ್ರೈವರ್‌ಗಳೇ ಹೆದರಿಕೊಂಡು ದೇವರಿಗೆ ಕಾಯಿ ಒಡೆಸುತ್ತಾರೆ. ನಾನಂತೂ ಆ ಜಾಗ ಬಿಟ್ಟು ಕದಲೋದಿಲ್ಲ. ಸ್ಕೂಲು ನನಗೆ, ನಾನು ಸ್ಕೂಲಿಗೆ ಕೈ ಮುಗಿದ ಮೇಲೆ ನಮ್ಮಮ್ಮನ ತಮ್ಮ, ಅಂದರೆ ನನ್ನ ಮಾಮ, ತನ್ನ ಕಾರು ಒರೆಸೋಕೆ ನನ್ನನ್ನು ಇಟ್ಟುಕೊಂಡಿದ್ದಾನೆ. ಕಾರು ಒರೆಸೋದು ಒಂದು ಗಳಿಗೆ. ಮಿಕ್ಕ ಹೊತ್ತೆಲ್ಲ ಸ್ಟ್ಯಾಂಡಿನವರ ಪ್ರಾಣ ತಿನ್ನೋದು.

ಈಗ ಹೇಳೋದೆಲ್ಲ ಮಾಮನಿಗೆ ಹೆಣ್ಣು ನೋಡಿದ ಕಾಲದ್ದು. ಹೆಣ್ಣು ಮತ್ತಿಗಿರಿಯವಳು. ಮಾಮ ಅವಳನ್ನು ನೋಡಿದ ದಿನದಿಂದ ಇಂಡಿಕೇಟರ್ ಹಾಕೋದೇ ಮರೆತುಬಿಟ್ಟ. ಹುಡುಗಿಗೂ ಒಪ್ಪಿಗೆ. ಅಡ್ಡ ನಿಂತೋರು ಅವಳಪ್ಪ. ಸರ್ಕಾರಿ ಬಸ್ ಓಡಿಸಿ ರಿಟೈರಾದ ಡ್ರೈವರು. ನಮ್ಮಮ್ಮ ಮಾಮನ ಜಾತಕ ಚಾಚಿದರೆ ಅವರು ಮುಟ್ಟಲೂ ಇಲ್ಲ.

"ಜಾತಕ ನಂಗ್ಯಾಕಮ್ಮ? ಲೈಸನ್ಸು ತೋರ್ಸಕ್ಕೇಳು. ನಾನು ಸರ್ವೀಸು ಮುಗ್ಸೋಗಂಟ ಒಂದು ನಾಯಿಗೂ ಗಾಡಿ ತಗುಲ್ಸಿಲ್ಲ. ನನ್ನ ಅಳಿಯ ಆಗೋನ ಲೈಸನ್ಸಿನ ಮೇಲೆ ಒಂದು ಕಪ್ಪು ಚುಕ್ಕೆ ಬಿದ್ರೂ ಹೆಣ್ಣು ಕೊಡಾಕಿಲ್ಲ. ಯುಗಾದಿ ಕಳೀಲಿ, ನೋಡಿ ಹೇಳ್ತೀನಿ," ಅಂದರು.

ಹಾಗಾಗಿ ಯುಗಾದಿವರೆಗೆ ಮಾಮನ ಮದುವೆ ಅವನ ಜೇಬಲ್ಲಿದ್ದ ಆ ಪ್ಲಾಸ್ಟಿಕ್ ಕಾರ್ಡಿನ ಮೇಲೆ ನಿಂತಿತ್ತು. ಪಕ್ಕದಲ್ಲಿ ನಾನೂ ನಿಂತಿದ್ದೆ. ಪಾಪ.

ಮೀಸೆ ಸಿಲಿಂಡರು

ಹಳದಿ ಬೋರ್ಡಿನ ಬಾಡಿಗೆ ಕಾರಿಗೆ ಆಗಾಗ ಎಫ್.ಸಿ. ಮಾಡಿಸಬೇಕು. ಆರ್.ಟಿ.ಓ. ಆಫೀಸಿಗೆ ಕಾರು ತಗೊಂಡು ಹೋಗಿ, ಬ್ರೇಕು, ಲೈಟು, ಟೈರು ಎಲ್ಲ ಬ್ರೇಕ್ ಇನ್ಸ್‌ಪೆಕ್ಟರಿಗೆ ತೋರಿಸಿ, ಈ ಗಾಡಿ ರೋಡಿಗೆ ಬಿಡೋಕೆ ಲಾಯಕ್ಕು ಅಂತ ಬರೆಸಿಕೊಂಡು ಬರೋದು. ಬೆಂಕಿ ಬಿದ್ದರೆ ಆರಿಸೋಕೆ ಒಂದು ಕೆಂಪು ಸಿಲಿಂಡರೂ ಕಾರಲ್ಲಿ ಇರಲೇಬೇಕು ಅಂತ ಕಾನೂನು.

ನಮ್ಮ ಸ್ಟ್ಯಾಂಡಿನಲ್ಲಿ ಅಷ್ಟೂ ಕಾರಿಗೆ ಸೇರಿ ಇದ್ದದ್ದು ಒಂದೇ ಸಿಲಿಂಡರು. ಯಾರ ಕಾರಿಗೆ ಎಫ್.ಸಿ.ಯೋ ಅವರು ಅದನ್ನ ತಗೊಂಡು ಹೋಗಿ, ತೋರಿಸಿ, ತಂದು ಟೀ ಅಂಗಡಿಯ ಬೆಂಚಿನ ಕೆಳಗೆ ಇಡೋದು. ಹಾಗಂತ ನಿಜವಾಗಲೂ ಬೆಂಕಿ ಬಿದ್ದರೆ? ಬಿದ್ದ ಕಾರು ಟೀ ಅಂಗಡಿ ಹತ್ತಿರಕ್ಕೆ ಬರಬೇಕು, ಅಷ್ಟೇ.

ಒಂದು ಮಧ್ಯಾಹ್ನ ನನಗೆ ಕೆಲಸ ಇರಲಿಲ್ಲ. ಬಂಪರಿಗೆ ಬಳಿಯೋ ಕಪ್ಪು ಬಣ್ಣ ಉಳಿದಿತ್ತು. ಸಿಲಿಂಡರಿಗೆ ಎರಡು ಕಣ್ಣು, ಒಂದು ದಪ್ಪ ಹುರಿ ಮೀಸೆ ಬರೆದೆ. ಚೆನ್ನಾಗಿತ್ತು. ಸ್ಟ್ಯಾಂಡಿನವರೂ ಮೆಚ್ಚಿದರು. ಒಬ್ಬರು ಸೆಲ್ಫೀನೂ ತಗೊಂಡರು.

ಮಾಮನ ಎಫ್.ಸಿ. ದಿನ ನಮ್ಮ ಸ್ಟ್ಯಾಂಡಿನ ಇನ್ನೂ ಎರಡು ಕಾರು ಅದೇ ಲೈನಲ್ಲಿ ಮುಂದೆ ನಿಂತಿದ್ದವು. ಮೊದಲನೇ ಕಾರು ನೋಡಿ ಮುಗಿದ ಕೂಡಲೇ ನಾನು ಸಿಲಿಂಡರನ್ನ ಟವೆಲಿನಲ್ಲಿ ಸುತ್ತಿ, ಹಸುಗೂಸು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದು ಎರಡನೇ ಕಾರಿಗೆ ಇಟ್ಟೆ. ಅದು ಮುಗಿದ ಮೇಲೆ ಮಾಮನ ಕಾರಿಗೆ ಇಟ್ಟೆ. ಬ್ರೇಕ್ ಇನ್ಸ್‌ಪೆಕ್ಟರು ಬಾಗಿಲು ತೆಗೆದರು. ಸೀಟಿನ ಕೆಳಗೆ ನೋಡಿದರು. ಸೀಟಿನ ಕೆಳಗಿನವನೂ ಅವರನ್ನ ನೋಡಿದ. ಆಮೇಲೆ ಮಾಮನ ಕಡೆ ತಿರುಗಿ ತಮಿಳಿನಲ್ಲಿ ತಣ್ಣಗೆ ಕೇಳಿದರು: "ಈ ಮೀಸೆಯವನು ಬೆಳಗ್ಗಿಂದ ಮೂರನೇ ಕಾರಲ್ಲಿ ಬರ್ತಿದ್ದಾನೆ. ಇವನಿಗಾದರೂ ಡ್ರೈವರ್ ಬ್ಯಾಡ್ಜ್ ಇದೆಯಾ?"

ಮೂರು ಕಾರಿಗೂ ಎಫ್.ಸಿ. ಇಲ್ಲ, ಸ್ವಂತ ಸಿಲಿಂಡರ್ ತಗೊಂಡು ಮುಂದಿನ ವಾರ ಬನ್ನಿ ಅಂತ ಕಳಿಸಿದರು. ಮಾಮ ಆಫೀಸಿನ ಬೇವಿನ ಮರದ ಸುತ್ತ ನನ್ನನ್ನ ಅಟ್ಟಾಡಿಸಿದ.

"ಏನ್ಲಾ ಮಾಡ್ಬುಟ್ಟೆ! ಮೀಸೆ ಯಾಕ್ಲಾ ಬರೆಯೋಕೆ ಹೋದೆ?"

"ತಪ್ಪು ನಿಂದೇ ಮಾಮ," ಅಂತ ಓಡುತ್ತಲೇ ಹೇಳಿದೆ. "ನಿನ್ ಸರದಿ ಬಂದಾಗ ಬೋಳ್ಸಿ ಕೂರ್ಸಬೇಕಾಗಿತ್ತು."

ಬಾಗಲೂರಿನ ನೆಂಟರು

ಎಫ್.ಸಿ. ಇಲ್ಲದ ಕಾರು ರೋಡಿಗೆ ಇಳಿಯೋ ಹಾಗಿಲ್ಲ. ಆದರೆ ಮಾಮ ಅದೇ ವಾರ ಬಾಗಲೂರಿನ ಒಂದು ಮನೆಯವರನ್ನ ಕೃಷ್ಣಗಿರಿಗೆ ಒಂದು ನಾಮಕರಣಕ್ಕೆ ಕರೆದುಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದ್ದ. ಪಕ್ಕದ ಮನೆಯವರ ಬಿಳಿ ಬೋರ್ಡಿನ ಕಾರು ಕೇಳಿ ತಂದ.

ಬಿಳಿ ಬೋರ್ಡು ಅಂದರೆ ಸ್ವಂತಕ್ಕೆ ಓಡಿಸೋ ಕಾರು. ಅದನ್ನ ಬಾಡಿಗೆಗೆ ಓಡಿಸಿದರೆ ಕೇಸು. ಎಲ್ಲಾದರೂ ಗುದ್ದಿಕೊಂಡರೆ ಇನ್ಶೂರೆನ್ಸಿನವರು ತಿರುಗಿಯೂ ನೋಡಲ್ಲ, ಹತ್ತಿದವರ ಕೈಕಾಲಿಗೆ ಡ್ರೈವರೇ ಜವಾಬ್ದಾರಿ. ಇದು ಮಾಮನಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೇ ತಂದ. ಇದಕ್ಕೆ ನಮ್ಮ ಕಡೆ ಎಲ್ಲ ಡ್ರೈವರ್‌ಗಳ ಹತ್ತಿರ ಒಂದು ಮದ್ದು ಇದೆ. ಹತ್ತೋ ಮುಂಚೆಯೇ ಎಲ್ಲರಿಗೂ ಪಾಠ ಹೇಳೋದು.

"ಪೊಲೀಸ್ನೋರು ಕೇಳಿದ್ರೆ ನಾವೆಲ್ಲ ನೆಂಟ್ರು ಅನ್ನಿ," ಅಂದ ಮಾಮ. ಎಲ್ಲರೂ ತಲೆಯಾಡಿಸಿದರು. ಯಾವ ನೆಂಟ ಅಂತ ಮಾಮ ಹೇಳಿಕೊಡಲಿಲ್ಲ. ಅಲ್ಲೇ ನೋಡಿ ಎಡವಿದ್ದು.

ಊರು ದಾಟುತ್ತಿದ್ದ ಹಾಗೆ ಚೆಕಿಂಗು. ಲೇಡಿ ಎಸ್.ಐ. ಒಬ್ಬರು ಕೈ ಅಡ್ಡ ಹಿಡಿದರು. ಬಿಳಿ ಬೋರ್ಡು ನೋಡಿದರು, ಒಳಗೆ ತುಂಬಿಕೊಂಡಿದ್ದ ರೇಷ್ಮೆ ಸೀರೆಗಳನ್ನ ನೋಡಿದರು.

"ಎಲ್ಲಾರೂ ಸೊಂದಕ್ಕಾರಂಗಳಾ? ನೆಂಟರಾ ಎಲ್ಲ?"

ಮುಂದೆ ಕೂತಿದ್ದ ಅಜ್ಜಿ ತಟಕ್ಕನೆ ಅಂದಳು: "ನಮ್ಮ ಅಳಿಯ ಕಣವ್ವಾ."

ಅದೇ ಉಸಿರಿನಲ್ಲಿ ಹಿಂದಿನ ಸೀಟಿನಿಂದ ಅಜ್ಜಿಯ ಮಗಳು: "ನನ್ ತಮ್ಮ, ಮೇಡಂ."

ಮಗಳ ಗಂಡ ತೆಲುಗಿನವನು, "ಮಾ ಬಾವಮರಿದಿ," ಅಂದ. ಅವರ ಚಿಕ್ಕ ಮಗ ಮಾತ್ರ, "ಡ್ರೈವರ್ ಅಂಕಲ್," ಅಂದ. ಅವನ ಬಾಯಿ ಅವರಮ್ಮ ಮುಚ್ಚಿದಳು.

ಎಸ್.ಐ. ಅಜ್ಜಿ ಕಡೆ ಬಗ್ಗಿದರು. "ನಿಮ್ಮ ಮಗಳಿಗೆ ತಮ್ಮ ಅಂದ್ರೆ ನಿಮಗೆ ಮಗ ಆಗಬೇಕಲ್ಲಮ್ಮ. ಅಳಿಯ ಹೆಂಗೆ?"

ಅಜ್ಜಿ ಅಳುಕಲಿಲ್ಲ. "ಅಳಿಯನೇ ಕಣವ್ವಾ, ಮಗನಂಗೆ ನೋಡ್ಕೊಂಡಿದ್ದೀವಿ."

"ಓಹೋ. ಇವರ ಹೆಂಡತಿ ಎಲ್ಲಿ?"

"ಬಾಣಂತಿ ಅವ್ಳೆ. ಅವಳ ಮಗೀನ ನಾಮಕರಣಕ್ಕೇ ಎಲ್ಲಾರೂ ಹೊಂಟಿರೋದು."

ಹೆಣ್ಣು ಇನ್ನೂ ಗಟ್ಟಿಯಾಗದ ಮಾಮ ಅರೆ ನಿಮಿಷದಲ್ಲಿ ಒಂದು ಮಗುವಿನ ತಂದೆಯಾದ. ಸ್ಟೇರಿಂಗಿನ ಮೇಲೆ ಹಣೆ ಇಟ್ಟುಕೊಂಡ. ಹಾರ್ನು ಹೊಡೆಯಿತು.

ಕೊನೆಗೆ ಎಸ್.ಐ. ಡಿಕ್ಕಿ ಕಡೆಯ ಸೀಟಲ್ಲಿ ಮುದುರಿಕೊಂಡಿದ್ದ ನನ್ನ ಮೇಲೆ ಕಣ್ಣು ಹಾಕಿದರು. "ನೀನು ಯಾರೋ?"

ಆ ಕಾರಲ್ಲಿ ಮಾಮನಿಗೆ ನಿಜವಾದ ರಕ್ತಸಂಬಂಧಿ ಅಂತ ಇದ್ದೋನು ನಾನೊಬ್ಬನೇ. ನಿಜ ಹೇಳಿದ್ದರೆ ಆಗ್ತಿತ್ತು. ಆದರೆ ಬಾಯಿ ತುರಿಸಿತು.

"ಗೊತ್ತಿಲ್ಲ ಮೇಡಂ. ದಾರೀಲಿ ಕೈ ತೋರ್ಸಿದೆ, ಹತ್ತಿಸ್ಕೊಂಡ್ರು."

ಅವರು ನನ್ನ ಮೂಗು ನೋಡಿದರು. ಮಾಮನ ಮೂಗು ನೋಡಿದರು. ನಮ್ಮ ವಂಶದ ಮೂಗು ಬಜ್ಜಿ ಮೆಣಸಿನಕಾಯಿ ಥರ, ತುದಿಯಲ್ಲಿ ಸೊಟ್ಟ. ಬೇರೆ ಯಾರ ಮನೆಯಲ್ಲೂ ಸಿಕ್ಕಲ್ಲ.

"ಈ ಗಾಡಿಯಲ್ಲಿ ನೆಂಟ ಅಂತ ಇರೋನು ನೀನೊಬ್ಬನೇ," ಅಂದರು. "ಮಿಕ್ಕೋರೆಲ್ಲ ಬಾಡಿಗೆ."

ಫೈನು ಬಿತ್ತು. ಬಾಗಲೂರಿನವರನ್ನ ಇಳಿಸಿ ಬೇರೆ ಗಾಡಿಗೆ ಹತ್ತಿಸು ಅಂದರು. ಮಾಮನಿಗೆ ಬೆರಳು ತೋರಿಸಿ ಹೇಳಿದರು: "ಹೆಣ್ಣು ಮಕ್ಕಳು, ವಯಸ್ಸಾದೋರು ಕೂತಿದ್ದಾರೆ ಅಂತ ಇವತ್ತು ಇಷ್ಟಕ್ಕೇ ಬಿಡ್ತಿದ್ದೀನಿ. ಇನ್ನೊಂದು ಸಲ ಯಾವ ತಪ್ಪಿಗೆ ಸಿಕ್ಕಿದರೂ ಸರಿ, ಪಕ್ಕದಲ್ಲಿ ಕೂತೋರು ಸೀಟ್ ಬೆಲ್ಟ್ ಹಾಕದೆ ಇದ್ದರೂ ಸರಿ, ಲೈಸೆನ್ಸ್ ಸಸ್ಪೆಂಡ್ ಮಾಡಿ ಅಂತ ಬರೆದು ಕಳಿಸ್ತೀನಿ."

ಮಾಮ ಅಳೋದೊಂದು ಬಾಕಿ. ಅಜ್ಜಿ ಇಳಿಯುವಾಗ ಅವನ ಗಲ್ಲ ಸವರಿ ಸಮಾಧಾನ ಹೇಳಿದಳು: "ಬೇಜಾರ್ ಮಾಡ್ಕೋಬ್ಯಾಡಿ ಅಳಿಯಂದ್ರೇ. ಮಗೀಗೆ ನಿಮ್ಮ ಹೆಸ್ರೇ ಇಡ್ತೀವಿ."

ಔಷಧಿ ಡಬ್ಬ

ಎಸ್.ಐ. ಜೊತೆ ಒಬ್ಬ ಕಾನ್‌ಸ್ಟೇಬಲ್ ಇದ್ದ, ನಾವು ಗಮನಿಸಿರಲಿಲ್ಲ. ಅವನ ಮನೆ ಮತ್ತಿಗಿರಿ. ಅದೂ ಹುಡುಗಿಯ ಬೀದಿ. ಸಂಜೆಯೊಳಗೆ ಸುದ್ದಿ ತಲುಪಿತು: ಹುಡುಗನಿಗೆ ಬಾಗಲೂರಲ್ಲಿ ಅತ್ತೆ, ಹೆಂಡತಿ, ಒಂದು ಕೈಗೂಸು.

ಬೆಳಗ್ಗೆ ನಾನು ಕಾರು ಒರೆಸುತ್ತಿದ್ದೆ. ಎಫ್.ಸಿ.ಗೆ ಅಂತ ಮಾಮ ಹೊಸ ಸಿಲಿಂಡರ್ ತಂದು ಇಟ್ಟಿದ್ದ, ನನ್ನ ಕೈಗೆ ಸಿಗದ ಹಾಗೆ. ಹುಡುಗಿಯ ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ನೇರ ಕಾರಿನ ಹತ್ತಿರ ಬಂದರು. ಸ್ಟ್ಯಾಂಡೇ ಎದ್ದು ನಿಂತಿತು.

"ಎಲ್ಲಿ ನಿನ್ ಮಗ? ಹಾಲು ಕುಡೀತಾ?" ಅಂತ ಕಾರಿನ ಬಾಗಿಲು ಹಿಡಿದುಕೊಂಡು ಗುಡುಗಿದರು.

ಮಾಮ ಡ್ರೈವರ್ ಸೀಟಲ್ಲಿ ಕೂತಿದ್ದ. ಗಾಬರಿಯಲ್ಲಿ ಬಾಗಿಲು ಎಳೆದು ಹಾಕಿಬಿಟ್ಟ. ಒಳಗೆ ಅವರ ಹೆಬ್ಬೆರಳು.

ಕೂಗು ಹೂವಿನ ಮಾರ್ಕೆಟ್‌ವರೆಗೆ ಕೇಳಿರಬೇಕು. ಬಾಗಿಲು ತೆಗೆದಾಗ ಉಗುರಿನ ಪಕ್ಕ ರಕ್ತ. "ಡಬ್ಬ ತತ್ತಾರ್ಲಾ!" ಅಂತ ಮಾಮ ನನ್ನ ಮೇಲೆ ಕೂಗಿದ. ಬಾಡಿಗೆ ಕಾರಲ್ಲಿ ಫಸ್ಟ್ ಏಡ್ ಡಬ್ಬ ಇರಲೇಬೇಕು, ಅದೂ ಕಾನೂನು. ನಮ್ಮ ಕಾರಲ್ಲೂ ಡಬ್ಬ ಇತ್ತು. ಡಬ್ಬ ಇರಬೇಕು ಅಂತ ಕಾನೂನಿದೆ, ನಾವು ಅಷ್ಟಕ್ಕೇ ನಿಲ್ಲಿಸಿದ್ದೆವು.

ಅದರಲ್ಲಿದ್ದ ಪ್ಲಾಸ್ಟರುಗಳನ್ನ ನಾನು ಹರಿದ ಸೀಟ್ ಕವರಿಗೆ ಅಂಟಿಸಿದ್ದೆ. ಹತ್ತಿಯನ್ನ ಹಿಂದಿನ ವಾರ ಸ್ಟ್ಯಾಂಡಿನಲ್ಲಿ ಬಾಯಿ ತೆಗೆದುಕೊಂಡು ಮಲಗಿದ್ದ ಒಬ್ಬ ಡ್ರೈವರಣ್ಣನ ಎರಡೂ ಮೂಗಿನ ಹೊಳ್ಳೆಗೆ ಇಟ್ಟು, ಎದೆ ಮೇಲೆ ಚೆಂಡುಹೂವಿನ ಹಾರ ಹಾಕಿದ್ದೆ. ಅವನು ಎದ್ದಾಗ ಸುತ್ತ ಜನ ಕೈಮುಗಿದುಕೊಂಡು ನಿಂತಿದ್ದರು. ಟಿಂಚರಿನ ಬಾಟಲು ಯಾವತ್ತೋ ಒಣಗಿ, ಎಸೆದಾಗಿತ್ತು.

ಹುಡುಗಿಯ ಅಪ್ಪ ನೋವು ತಡೆಯಲಾರದೆ ತಾವೇ ಡಬ್ಬ ಕಿತ್ತುಕೊಂಡು ಮುಚ್ಚಳ ತೆಗೆದರು. ಒಳಗೆ ಇದ್ದದ್ದು ಒಂದೇ ಒಂದು ವಸ್ತು. ಅವರ ಮಗಳ ಫೋಟೋ. ಹೆಣ್ಣು ತೋರಿಸೋಕೆ ಮುಂಚೆ ಅವರೇ ಕಳಿಸಿದ್ದು. ಯಾರಿಗೂ ಕಾಣಬಾರದು ಅಂತ ಮಾಮ ಅಲ್ಲಿ ಮುಚ್ಚಿಟ್ಟಿದ್ದ. ನಾನು ಖಾಲಿ ಮಾಡಿದ ಮೇಲೆ ನಮ್ಮ ಸ್ಟ್ಯಾಂಡಿನಲ್ಲಿ ಯಾರೂ ತೆಗೆಯದ ಜಾಗ ಅಂದರೆ ಅದೇ.

ಅವರು ಫೋಟೋ ನೋಡಿದರು, ಬೆರಳು ನೋಡಿಕೊಂಡರು, ಮಾಮನ್ನ ನೋಡಿದರು. ಬಾಗಲೂರಿನ ಕತೆ ನಾನೇ ತಾಯಾಣೆ ಇಟ್ಟು ಬಿಡಿಸಿ ಹೇಳಿದೆ. ಹೆಂಡತಿ ಇರೋನು ಬೇರೆ ಹುಡುಗಿಯ ಫೋಟೋ ಕಾರಲ್ಲಿ ಇಟ್ಟುಕೊಳ್ಳೋ ಧೈರ್ಯ ಮಾಡಲ್ಲ ಅಂತ ಅವರಿಗೂ ಅನ್ನಿಸಿರಬೇಕು. ಬಿಳಿ ಬೋರ್ಡಿನ ವಿಷಯಕ್ಕೆ ಮಾತ್ರ ಮಾಮನಿಗೆ ಸ್ಟ್ಯಾಂಡಿನ ಮುಂದೆ ಮಂಗಳಾರತಿ ಎತ್ತಿದರು. "ಲೈಸನ್ಸು ಇನ್ನೂ ನೆಟ್ಟಗೈತೆ ಅಂತ ಸುಮ್ಕಿದ್ದೀನಿ. ಎಫ್.ಸಿ. ಮುಗ್ಸು. ಮುಂದಿನ ಭಾನುವಾರ ನಾನೇ ಪಕ್ಕದಲ್ಲಿ ಕೂತು ನೋಡ್ತೀನಿ, ನೀನು ಹೆಂಗೆ ಓಡಿಸ್ತೀಯ ಅಂತ."

ಹೊರಟವರು ತಿರುಗಿ ಬಂದು, ಡಬ್ಬದೊಳಗಿನ ಫೋಟೋ ಕಡೆ ರಕ್ತದ ಬೆರಳು ತೋರಿಸಿ ಮಾಮನ್ನ ಕೇಳಿದರು: "ಅಲ್ಲಪ್ಪಾ, ಇದನ್ನ ಗಾಯಕ್ಕೆ ಹಚ್ಚೋದೋ, ಹೊಟ್ಟೆಗೆ ತಗೊಳ್ಳೋದೋ?"

ಭಾನುವಾರದ ಟ್ರಿಪ್ಪು

ಎಫ್.ಸಿ. ಆಯಿತು. ಭಾನುವಾರ ಬಂತು. ಮಾಮ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಮತ್ತಿಗಿರಿಯ ಅವರ ಮನೆ ಮುಂದೆ ಕಾರು ನಿಲ್ಲಿಸಿದ. ಅಲ್ಲಿಂದ ತೊರಪಲ್ಲಿವರೆಗೆ ಹೋಗಿ ವಾಪಸ್ಸು ಬರೋದು. ಹುಡುಗಿಯ ಅಪ್ಪ ಮುಂದೆ. ಹಿಂದೆ ಹುಡುಗಿಯ ಅಮ್ಮ, ಹುಡುಗಿ, ನಾನು. ಹಿಂದಿನ ಮೂವರೂ ಬೆಲ್ಟು ಹಾಕಿಕೊಂಡೆವು. ಎಸ್.ಐ. ಹೇಳಿದ ಮಾತು ಮಾಮ ನಮ್ಮ ಮೂವರಿಗೂ ಮೊದಲೇ ಫೋನಿನಲ್ಲಿ ಒದರಿದ್ದ.

ಮಾಮ ಕಾರು ಸ್ಟಾರ್ಟ್ ಮಾಡಿದ. ಹುಡುಗಿಯ ಅಪ್ಪ ಕೈ ಅಡ್ಡ ಹಿಡಿದರು. "ರೈಟ್ ಯಾರು ಅಂದ್ರು? ರೈಟ್ ಅನ್ನದೆ ಗಾಡಿ ಎತ್ತೋನು ಡ್ರೈವರಾ?"

ನಾನು ಹಿಂದಿನಿಂದ ಬಸ್ ಕಂಡಕ್ಟರ್ ಥರ ಎರಡು ಸಲ ಶಿಳ್ಳೆ ಹಾಕಿದೆ. "ರೈಟ್ ಪೋಲಾಂ!" ಅವರ ಮುಖ ಅರಳಿತು. ಕಾರು ಹೊರಟಿತು. ಹೊರಟ ಕೂಡಲೇ ಟೀಂ ಟೀಂ ಟೀಂ ಅಂತ ಶುರುವಾಯಿತು.

"ಇದ್ಯಾಕೆ ಹಿಂಗೆ ಅಳ್ತೈತೆ?"

"ನೀವು ಬೆಲ್ಟು ಹಾಕ್ಕೊಳ್ಳೋಗಂಟ ಅಳ್ತೈತೆ ಯಜಮಾನ್ರೇ," ಅಂದ ಮಾಮ ಮೆತ್ತಗೆ.

"ಅಳ್ಲಿ ಬುಡು. ತಲೆ ಬೆಳ್ಳಗಾಗೋಗಂಟ ಬಸ್ಸು ಓಡ್ಸಿದ್ದೀನಿ, ಯಾರೂ ನನ್ನ ಕಟ್ಟಿ ಹಾಕಿಲ್ಲ. ನಾನೇನು ಎಮ್ಮೆ ಕರಾನಾ?"

ಮಾಮ ಬೆವರಿದ. ಹೇಳಿದರೆ ಹೆಣ್ಣು ಹೋಗುತ್ತೆ. ಹೇಳದೆ ಇದ್ದರೆ, ಚೆಕಿಂಗಿನಲ್ಲಿ ಸಿಕ್ಕಿದರೆ ಲೈಸೆನ್ಸು ಹೋಗುತ್ತೆ, ಲೈಸೆನ್ಸಿನ ಹಿಂದೆಯೇ ಹೆಣ್ಣು ಹೋಗುತ್ತೆ. ಕಾರು ಅಳುತ್ತಲೇ ಇತ್ತು. ಒಂದು ಹುಣಸೆ ಮರ ಬಂತು. ಮಾಮ ಇಂಡಿಕೇಟರ್ ಹಾಕಿ, ಕಾರು ಎಡಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿದ.

"ಯಜಮಾನ್ರೇ, ಬೆಲ್ಟು ಹಾಕ್ಕೊಳ್ಳಿ. ಇಲ್ಲಾಂದ್ರೆ ಗಾಡಿ ಎತ್ತಲ್ಲ."

ನನಗೆ ನಂಬಿಕೆ ಬರಲಿಲ್ಲ. ಇದು ನಮ್ಮ ಮಾಮನ ಬಾಯೇನಾ ಅಂತ ಬಗ್ಗಿ ನೋಡಿದೆ.

"ನಂಗೇ ಹೇಳ್ತೀಯಾ?" ಅವರ ಕಿವಿ ಕೆಂಪಾಯಿತು. "ಆಯ್ತು ಬುಡು, ಸಂಬಂಧ ಮುಗೀತು. ಗಾಡಿ ಮನೆಗೆ ತಿರುಗ್ಸು!"

"ತಿರುಗ್ಸೋಕೂ ಬೆಲ್ಟು ಬೇಕು ಯಜಮಾನ್ರೇ."

ಹಿಂದಿನಿಂದ ಕಿಸಕ್ಕನೆ ನಗು ಬಂತು. ಹುಡುಗಿ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಹಾಕ್ಕೊಳ್ಳಪ್ಪಾ, ಬಿಸಿಲು," ಅಂದಳು. ಅವಳಮ್ಮ, "ನನ್ ಕೈಲಿ ಇಲ್ಲಿ ಕೂರಕ್ಕಾಗಲ್ಲ, ಹಾಕ್ಕೊಳ್ರೀ," ಅಂದರು.

ಅವರು ಬೆಲ್ಟನ್ನ ಹಗ್ಗ ಜಗ್ಗಿದ ಹಾಗೆ ಜಗ್ಗಿದರು. ಅದು ಗಕ್ಕನೆ ಹಿಡಿದುಕೊಂಡಿತು. ಇನ್ನೂ ಜೋರಾಗಿ ಜಗ್ಗಿದರು. "ನೋಡು, ಡಿಫೆಕ್ಟು! ಈ ಗಾಡಿಗೆ ಎಫ್.ಸಿ. ಕೊಟ್ಟೋನು ಯಾವನು?" ಮಾಮ ಬಗ್ಗಿ, ಮೆಲ್ಲಗೆ ಎಳೆದು, ಕೊಂಡಿಗೆ ಕ್ಲಿಕ್ ಅನ್ನಿಸಿದ. ಅಳು ನಿಂತಿತು. ಕಾರಿನದ್ದು.

ತೊರಪಲ್ಲಿ ಹತ್ತಿರ ಹೋಗುತ್ತಿದ್ದ ಹಾಗೆ ಕೈ ಅಡ್ಡ ಬಂತು. ಅದೇ ಲೇಡಿ ಎಸ್.ಐ. ಮಾಮನ ಮೂಗು ನೋಡಿದ ಕೂಡಲೇ ಗುರುತು ಹಿಡಿದರು. ಲೈಸೆನ್ಸು, ಪರ್ಮಿಟ್ಟು, ಇನ್ಶೂರೆನ್ಸು, ಎಲ್ಲ ನೋಡಿದರು. ಹಳದಿ ಬೋರ್ಡು ನೋಡಿದರು. ಒಳಗೆ ಬಗ್ಗಿ ಒಬ್ಬೊಬ್ಬರ ಬೆಲ್ಟೂ ನೋಡಿದರು.

"ಇವತ್ತು ಯಾವ ನೆಂಟರು?"

"ಮಾವ ಆಗೋರು ಮೇಡಂ," ಅಂದ ಮಾಮ. "ಆಗ್ತಾರೋ ಇಲ್ವೋ ಗೊತ್ತಿಲ್ಲ."

ಎಸ್.ಐ. ಹುಡುಗಿಯ ಅಪ್ಪನ ಕಡೆ ತಿರುಗಿ ನಕ್ಕರು. "ಪರವಾಗಿಲ್ಲ ಅಯ್ಯಾ. ಈ ವಯಸ್ಸಿನೋರು ಹೇಳಿದರೂ ಬೆಲ್ಟ್ ಹಾಕಲ್ಲ. ನಿಮ್ಮನ್ನ ನೋಡಿ ಎಲ್ಲರೂ ಕಲೀಬೇಕು."

ಅವರು ಎದೆ ಉಬ್ಬಿಸಿದರು, ಬೆಲ್ಟು ಎಷ್ಟು ಬಿಡುತ್ತೋ ಅಷ್ಟು. "ಹಳೇ ಅಭ್ಯಾಸ ಕಣಮ್ಮಾ. ಬೆಲ್ಟು ಇಲ್ದೆ ನಾನು ಕೂರೋದೇ ಇಲ್ಲ."

ಮತ್ತಿಗಿರಿ ಬಂತು. ಮನೆ ಮುಂದೆ ಕಾರು ನಿಂತಿತು. ನಾವೆಲ್ಲ ಇಳಿದೆವು. ಅವರು ಇಳಿಯಲಿಲ್ಲ. ನೇರ ಮುಂದೆ ನೋಡುತ್ತಾ ಕೂತಿದ್ದರು.

"ಬನ್ರೀ," ಅಂದರು ಹೆಂಡತಿ.

"ಇರು. ಇಲ್ಲಿ ಗಾಳಿ ಚೆನ್ನಾಗೈತೆ."

ಗಾಳಿ ಎಲ್ಲಿಂದ ಬರಬೇಕು? ಇಂಜಿನ್ ಆಫಾಗಿತ್ತು, ಕಾರು ಬಿಸಿಲಲ್ಲಿ ನಿಂತಿತ್ತು. ಅವರ ಬಲಗೈ ಮಾತ್ರ ಸೀಟಿನ ಪಕ್ಕದಲ್ಲಿ ಮೆಲ್ಲಗೆ ತಡಕಾಡುತ್ತಿತ್ತು. ಅಲ್ಲಿ ಸಿಕ್ಕಲಿಲ್ಲ ಅಂತ ಎಡಗೈ ಹುಡುಕೋಕೆ ಹೋಯಿತು. ಅದಕ್ಕೊಂದು ಹಿಡಿ ಸಿಕ್ಕಿತು. ಎಳೆದರು. ಸೀಟು ದಬಕ್ಕನೆ ಹಿಂದಕ್ಕೆ ಮಲಗಿತು. ಅವರೂ ಮಲಗಿದರು. ಮಲಗಿಕೊಂಡೇ ಕಾರಿನ ಚಾವಣಿ ನೋಡುತ್ತಾ, "ಸೀಟು ಪರ್ವಾಗಿಲ್ಲ," ಅಂದರು.

ಕಾಫಿ ಕಿಟಕಿಗೇ ಬಂತು. ಕಾನ್‌ಸ್ಟೇಬಲ್ ಸಮೇತ ಬೀದಿಯ ಜನ ಬಂದು ನಿಂತರು. ಹುಡುಗಿಯ ಅಪ್ಪ ಕಣ್ಣಲ್ಲೇ ನನ್ನನ್ನ ಹತ್ತಿರ ಕರೆದರು.

"ಲೇ ಮರಿ," ಅಂತ ಪಿಸುಗುಟ್ಟಿದರು, "ಇದನ್ನ ಬಿಚ್ಚೋದು ಎಲ್ಲಿ?"

"ನಂಗೇನು ಗೊತ್ತು ತಾತ? ನಿಮ್ಗೆ ಹಳೇ ಅಭ್ಯಾಸ."

ಅಷ್ಟರಲ್ಲಿ ಮಾಮನಿಗೆ ವಿಷಯ ಹೊಳೆಯಿತು. ಪಾಪದೋನು, ಬಿಚ್ಚೋಕೆ ಓಡಿ ಬಂದ. ನಾನು ಅವನ ಕಾಲು ತುಳಿಯೋಕೆ ಹೋದೆ. ನನಗಿಂತ ಮುಂಚೆ ಹುಡುಗಿಯೇ ಅವನಿಗೆ ಅಡ್ಡ ನಿಂತು, "ನೀವಿರಿ," ಅಂದಳು. ಬಾಗಿಲು ತೆಗೆದು, ಅಪ್ಪನ ಮೇಲೆ ಬಗ್ಗಿ, ಆ ಕೆಂಪು ಬಟನ್ನಿನ ಮೇಲೆ ಹೆಬ್ಬೆರಳು ಇಟ್ಟಳು. ಒತ್ತಲಿಲ್ಲ.

"ಅಪ್ಪಾ, ಇವ್ರಿಗೆ ಏನು ಹೇಳಾಣ? ಯುಗಾದಿವರ್ಗೂ ನೋಡಾಣ್ವಾ?"

"ಯುಗಾದಿನಾ?" ಮಲಗಿದ್ದ ಕಡೆಯಿಂದಲೇ ಕೂಗು ಬಂತು. "ಅಲ್ಲೀಗಂಟ ನಾನು ಹಿಂಗೇ ಇರಬೇಕಾ?"

"ಹಂಗಾದ್ರೆ ಈಗ್ಲೇ ಹೇಳು."

ಅವರು ಚಾವಣಿ ನೋಡಿದರು, ಮಗಳನ್ನ ನೋಡಿದರು, ಕಿಟಕಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಮಾಮನ್ನ ನೋಡಿದರು.

"ನನ್ನಂಥೋನ್ನೇ ರೋಡಲ್ಲಿ ನಿಲ್ಸಿ ಬೆಲ್ಟು ಹಾಕಿಸ್ದ. ನಿನ್ನನ್ನೂ ಜೋಪಾನವಾಗೇ ಕರ್ಕೊಂಡೋಗ್ತಾನೆ. ಒಪ್ಗೆ ಕಣಮ್ಮಾ, ಒಪ್ಗೆ. ಮೊದ್ಲು ಬಿಚ್ಚು!"

ಕ್ಲಿಕ್.

ಬೀದಿಯೆಲ್ಲ ಗೊಳ್ಳೆಂದಿತು. ನಮ್ಮಮ್ಮನಿಗೆ ಫೋನು ಹೋಯಿತು. ಹುಡುಗಿಯ ಅಪ್ಪ ಮಾತ್ರ ನಿಧಾನವಾಗಿ ಇಳಿದು, ಪಂಚೆ ಕೊಡವಿ ಬಿಗಿಯಾಗಿ ಕಟ್ಟಿಕೊಂಡು, ಕಾರಿನಿಂದ ದೂರ ಹೋಗಿ ನಿಂತು, ಮಾಮನಿಗೆ ಬೆರಳು ತೋರಿಸಿದರು.

"ಮಾತು ಅಂದ್ರೆ ಮಾತೇ, ಹೆಣ್ಣು ನಿಂದು. ಆದ್ರೆ ಈಗ್ಲೇ ಹೇಳ್ಬುಡ್ತೀನಿ, ಛತ್ರಕ್ಕೆ ನಾನು ಬಸ್ಸಲ್ಲೇ ಬತ್ತೀನಿ."